ತಪ್ಪಿರುವ ಸೀರೆ ಬೇಕಾಗಿದೆ

ಕೆಟ್ಟ ಸೀರೆ ಸಿಗದೆ ಪಿಎಚ್‌ಡಿ ನಿಂತುಹೋದ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಬೇರೆಯವರದು ಮಾರ್ಗದರ್ಶಕರ ಸಿಟ್ಟಿನಿಂದ ನಿಲ್ಲುತ್ತದೆ, ಹೆರಿಗೆಯಿಂದ ನಿಲ್ಲುತ್ತದೆ, ಸೋಮಾರಿತನದಿಂದ ನಿಲ್ಲುತ್ತದೆ. ನನ್ನದು ಬನಹಟ್ಟಿಯ ನೇಕಾರರ ಮರ್ಯಾದೆಯಿಂದ ನಿಂತಿತ್ತು.

ನಾನು ಜಮಖಂಡಿ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ನನ್ನ ವಿಷಯ ಇಮೇಜ್ ಪ್ರೊಸೆಸಿಂಗ್. ಅಂದರೆ ಕ್ಯಾಮೆರಾ ತೆಗೆದ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟು, ಅದರಲ್ಲಿ ಏನಿದೆ ಎಂದು ಅದರ ಬಾಯಿಂದಲೇ ಹೇಳಿಸುವ ಕೆಲಸ. ಸಂಶೋಧನೆಗೆ ನಾನು ಆರಿಸಿಕೊಂಡದ್ದು ಸೀರೆಯ ತಪ್ಪು ಹಿಡಿಯುವ ಯಂತ್ರ. ಬಟ್ಟೆ ಮಗ್ಗದಿಂದ ಇಳಿಯುವಾಗ ಮೇಲೆ ಒಂದು ಕ್ಯಾಮೆರಾ ನೋಡುತ್ತಿರುತ್ತದೆ. ಎಲ್ಲಾದರೂ ಎಳೆ ತಪ್ಪಿದ್ದರೆ, ಗಂಟು ಬಿದ್ದಿದ್ದರೆ, ಎಣ್ಣೆಯ ಕಲೆಯಾಗಿದ್ದರೆ ಕೀಂ ಎಂದು ಕೂಗಿ ಪರದೆಯ ಮೇಲೆ ಕೆಂಪು ಚೌಕ ಹಾಕಿ ತೋರಿಸುತ್ತದೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಆದರೆ ಯಂತ್ರಕ್ಕೆ ತಪ್ಪು ಕಲಿಸಬೇಕಾದರೆ ತಪ್ಪು ತೋರಿಸಬೇಕು. ತಪ್ಪು ಬಿದ್ದ ಬಟ್ಟೆಯ ಚಿತ್ರ ಸಾವಿರಗಟ್ಟಲೆ ಬೇಕು. ನನ್ನ ಹತ್ತಿರ ಒಂದೂ ಇರಲಿಲ್ಲ. ವಿಶ್ವವಿದ್ಯಾಲಯ ಎರಡು ಸಲ ಗಡುವು ಮುಂದಕ್ಕೆ ಹಾಕಿ ಕೊಟ್ಟಿತ್ತು; ಮೂರನೆಯ ಪತ್ರದಲ್ಲಿ ಇದೇ ಕೊನೆ ಎಂದು ಬರೆದಿತ್ತು. ಈ ಸೆಮಿಸ್ಟರ್ ಮುಗಿಯುವುದರೊಳಗೆ ಹೊರಗಿನ ಪರೀಕ್ಷಕರ ಎದುರು ಯಂತ್ರ ನಡೆಸಿ ತೋರಿಸಬೇಕು, ಇಲ್ಲವಾದರೆ ನೋಂದಣಿ ರದ್ದು. ಆರು ವರ್ಷದ ಕೆಲಸ ನೀರುಪಾಲು. ನಮ್ಮ ವಿಭಾಗದ ಮುಖ್ಯಸ್ಥರೇ ನನ್ನ ಮಾರ್ಗದರ್ಶಕರು. ಬೀಳಗಿ ಕಡೆಯವರು, ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ. ಪತ್ರ ಓದಿ, ಎರಡು ಶೇಂಗಾ ಬಾಯಿಗೆ ಹಾಕಿಕೊಂಡು, "ಆಗೂದೈತಿ ಬಿಡ್ರಿ ಮೇಡಮ್ಮಾರ" ಅಂದರು. ಅವರು ಎಲ್ಲದಕ್ಕೂ ಅದನ್ನೇ ಅನ್ನುತ್ತಿದ್ದರು, ಕಾಲೇಜಿನ ಜನರೇಟರ್‌ಗೆ ಬೆಂಕಿ ಹತ್ತಿದಾಗಲೂ.

ಈ ಊರುಗಳಲ್ಲಿ ತಪ್ಪು ಸಿಗುವುದು ಎಷ್ಟು ಕಷ್ಟ ಎಂಬುದು ನನಗೆ ಪಾಠ ಮಾಡುವಾಗಲೇ ತಿಳಿಯಬೇಕಿತ್ತು. ಪಠ್ಯಪುಸ್ತಕದ ಚಿತ್ರಗಳು ನಮ್ಮ ವಿದ್ಯಾರ್ಥಿಗಳಿಗೆ ದೂರವಾಗುತ್ತವೆ ಎಂದು ಒಂದು ವರ್ಷ ಪಾಠಕ್ಕೆ ಜೋಳದ ರೊಟ್ಟಿ ತಂದೆ. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ರೊಟ್ಟಿಯ ಫೋಟೋ ತೆಗೆಯಬೇಕು, ಅದರ ಮೇಲೆ ಸುಟ್ಟ ಚುಕ್ಕೆ ಎಷ್ಟಿವೆ ಎಂದು ಪ್ರೋಗ್ರಾಮ್ ಬರೆದು ಎಣಿಸಬೇಕು. ಎಷ್ಟು ಸರಳ! ಮರುವಾರ ಇಡೀ ತರಗತಿಯ ಉತ್ತರ ಸೊನ್ನೆ. ಒಬ್ಬನಾದರೂ ಒಂದು ಅನ್ನಬಾರದೇ?

"ಇದೇನೋ ಇದು? ಒಂದು ಚುಕ್ಕೇನೂ ಇಲ್ಲವಲ್ಲ?" ಎಂದು ರನ್ನ ಬೆಳಗಲಿಯ ಒಬ್ಬನನ್ನು ಎಬ್ಬಿಸಿ ಕೇಳಿದೆ.

"ನಮ್ಮವ್ವನ ರೊಟ್ಟಿ ಸುಡೂದಿಲ್ರೀ ಮೇಡಂ."

"ನಿನ್ನದು?" ಎಂದು ಚಿಮ್ಮಡದಿಂದ ಬರುವ ಹುಡುಗಿಯ ಕಡೆ ತಿರುಗಿದೆ.

ಆಕೆ ತಲೆ ತಗ್ಗಿಸಿ, "ಇದ್ದುವ್ರಿ ಮೇಡಂ. ನಾನ ಅಳಿಸೇನ್ರಿ. ಕ್ಲಾಸಿನ್ಯಾಗ ಎಲ್ಲಾರೂ ನೋಡ್ತಾರ, ಹಂಗ ಒಯ್ಯಬ್ಯಾಡ ಅಂತ ಅವ್ವ ಬೈದ್ಲರಿ" ಅಂದಳು.

ಹೇಗೆ ಅಳಿಸಿದೆ ಎಂದು ನೋಡಿದರೆ, ಸುತ್ತಲಿನ ಬಣ್ಣ ತೆಗೆದುಕೊಂಡು ಚುಕ್ಕೆಯ ಜಾಗ ತುಂಬುವ ಪ್ರೋಗ್ರಾಮನ್ನು ತಾನೇ ಬರೆದಿದ್ದಳು. ನಾನು ಕೊಟ್ಟ ಲೆಕ್ಕಕ್ಕಿಂತ ಹತ್ತು ಪಟ್ಟು ಕಷ್ಟದ ಕೆಲಸ ಅದು. ಅವ್ವನ ಮರ್ಯಾದೆ ಉಳಿಸಲು ಎರಡು ದಿನ ಕೂತಿದ್ದಳಂತೆ. ಪೂರ್ತಿ ಅಂಕ ಕೊಟ್ಟೆ, ಮತ್ತೇನು ಮಾಡಲಿ.

ಬನಹಟ್ಟಿಯಲ್ಲಿ ನನ್ನ ದೊಡ್ಡವ್ವನ ಮನೆ. ನಮ್ಮ ಅವ್ವನ ಅಕ್ಕ. ದೊಡ್ಡಪ್ಪನದು ನಾಲ್ಕು ಪಾವರ್‌ಲೂಮ್ ಮಗ್ಗ, ಮನೆಯ ಮುಂದಿನ ಖೋಲಿಯಲ್ಲೇ. ಅಲ್ಲಿ ಮಾತಾಡಬೇಕಾದರೆ ಕಿವಿಯಲ್ಲಿ ಬಾಯಿ ಇಡಬೇಕು. ದೊಡ್ಡವ್ವ ಆ ಓಣಿಗೆಲ್ಲ ಹೆಸರಾದವಳು. ಎಳೆ ತಪ್ಪಿದ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸೂಜಿಯಿಂದ ಎಳೆ ತುಂಬಿದಳೆಂದರೆ ತಪ್ಪು ಎಲ್ಲಿತ್ತು ಎಂದು ನೇಯ್ದವನಿಗೂ ಗೊತ್ತಾಗಬಾರದು. ಇವಳ ಮನೆಯಲ್ಲಿ ತಪ್ಪಿನ ಬಟ್ಟೆಗೆ ಏನು ಬರಗಾಲ ಎಂದುಕೊಂಡು ಒಂದು ಭಾನುವಾರ ದೊಡ್ಡ ಚೀಲ ಹಿಡಿದುಕೊಂಡೇ ಬಸ್ಸು ಹತ್ತಿದೆ.

"ತಪ್ಪಿನ ಸೀರಿ? ನಮ್ಮ ಮನ್ಯಾಗ?" ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮ ಮನ್ಯಾಗ ತಪ್ಪ ಬೀಳೂದಿಲ್ಲ."

"ಮತ್ತ ಈಗ ಕೈಯಾಗ ಸೂಜಿ ಹಿಡಕೊಂಡು ಏನ್ ಮಾಡಾಕತ್ತೀ ಬೇ?"

"ಇದಾ? ಸುಮ್ಮ ಕುಂತಿದ್ನೆಲ್ಲ, ಅದಕ್ಕ."

ಬಾಜೂ ಮನೆಗೆ ಹೋದೆ. ಅವರು, "ನಮ್ಮಲ್ಲಿ ಇಲ್ರೀ, ಆಚಿ ಮನ್ಯಾಗ ಕೇಳ್ರಿ, ಅವ್ರ ಮಗ್ಗ ಭಾಳ ಹಳೇವು" ಅಂದರು. ಆಚೆ ಮನೆಯವರು ಮೂಲೆ ಮನೆಗೆ ಕಳಿಸಿದರು. ಮೂಲೆ ಮನೆಯವರು ಹಿಂದಿನ ಓಣಿಗೆ. ಎಲ್ಲ ಕಡೆಯೂ ಕೂರಿಸಿ, ಚಹಾ ಕೊಟ್ಟು, ಚೂಡಾ ತಿನ್ನಿಸಿ, ಪಕ್ಕದವರ ತಪ್ಪು ಎಷ್ಟು ದೊಡ್ಡದು ಎಂದು ಹೇಳಿ ಕಳಿಸಿದರು. ಕೊನೆಯ ಮನೆಯ ಹಿರಿಯರೊಬ್ಬರು ಕೈ ಮಾಡಿ ತೋರಿಸಿದರು: "ಅಲ್ಲಿ ನಾಕ ಮಗ್ಗದ ಮನಿ ಕಾಣತೈತಲ್ರಿ, ಅಲ್ಲಿ ಹೋಗ್ರಿ, ಬೇಕಾದಷ್ಟ ಸಿಗತಾವು." ಅದು ದೊಡ್ಡಪ್ಪನ ಮನೆ. ಮರುವಾರ ರಬಕವಿಗೆ ಹೋದರೆ, ತಪ್ಪು ಏನಿದ್ದರೂ ಬನಹಟ್ಟಿ ಮಂದಿಯದು ಅಂದರು. ಎರಡು ಊರು ಸುತ್ತಿ ನಾನು ತಂದದ್ದು ಖಾಲಿ ಚೀಲ ಮತ್ತು ಚಹಾದಿಂದ ಕೆಟ್ಟ ಹೊಟ್ಟೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದು ಎಂಥ ಜನ! ವಿಜ್ಞಾನಕ್ಕೆ ಒಂದು ಗಂಟು ಬಿದ್ದ ಎಳೆ ಕೊಡಲಾರಿರಾ? ದೊಡ್ಡವ್ವನ ಪಡಸಾಲೆಯಲ್ಲಿ ಕೂತು ಕೂಗಾಡಿದೆ. ಅಳುವೂ ಬಂತು, ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ದೊಡ್ಡಪ್ಪನಿಗೆ ಕರುಳು ಚುರ್ ಎಂದಿತು.

"ಅಳಬ್ಯಾಡ ಸುಮ್ನಿರು. ಸಿಗಲಿಲ್ಲಂದ್ರ ಏನಾತು, ನಾನ ಮಾಡಿ ಕೊಡ್ತೇನಿ. ಎಷ್ಟ ಬೇಕು ತಪ್ಪ?"

ಮಗ್ಗ ಚಾಲೂ ಮಾಡಿದ. ಒಂದು ಎಳೆ ಕತ್ತರಿಸಿದ. ಕತ್ತರಿಸಿದ ಕೈಯೇ ಹೋಗಿ ಮಗ್ಗ ನಿಲ್ಲಿಸಿತು. ಎಳೆ ಕಟ್ಟಿ ಮತ್ತೆ ಶುರು ಮಾಡಿದ, ಮತ್ತೆ ಕತ್ತರಿಸಿದ, ಮತ್ತೆ ನಿಲ್ಲಿಸಿದ. "ಕೈ ಕೇಳವಲ್ದು" ಎಂದು ಬೆವರು ಒರೆಸಿಕೊಂಡ. ಕೊನೆಗೆ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ ಹಾಗೆ ನಿಂತು, ಬಾಯಲ್ಲಿ ಎಣಿಸುತ್ತಾ ನೇಯ್ದ. ನಾಲ್ಕು ಬೆರಳಿಗೆ ಒಂದು ಎಳೆ ಬಿಟ್ಟಿದ್ದ. ಮತ್ತೆ ನಾಲ್ಕು ಬೆರಳಿಗೆ ಒಂದು. ಅಳತೆ ಪಟ್ಟಿ ಇಟ್ಟು ನೋಡಿದರೂ ಕೂದಲೆಳೆ ವ್ಯತ್ಯಾಸವಿಲ್ಲ. ಸಾಲಾಗಿ ಬಿದ್ದ ಆ ಬಿಟ್ಟ ಎಳೆಗಳನ್ನು ನೋಡಿ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ನಿಂತು, "ಹೊಸಾ ಡಿಸೈನ್ ಏನ್ರೀ? ಛಲೋ ಕಾಣತೈತಿ" ಎಂದು ಕೇಳಿದಳು.

ಅದನ್ನೇ ಒಯ್ದು ಯಂತ್ರಕ್ಕೆ ಕಲಿಸಿದೆ. ಆಮೇಲೆ ಒಂದು ಒಳ್ಳೆಯ ಸೀರೆ ಇಟ್ಟು ನೋಡಿದೆ. ಯಂತ್ರ ಕೀಂ ಎಂದದ್ದು ನಿಲ್ಲಿಸಲೇ ಇಲ್ಲ. ನಾಲ್ಕು ಬೆರಳಿಗೊಂದು ಎಳೆ ಬಿಡುವುದೇ ನೇಯ್ಗೆಯ ಕ್ರಮ ಎಂದು ಅದು ತಿಳಿದುಕೊಂಡುಬಿಟ್ಟಿತ್ತು. ಒಳ್ಳೆಯ ಸೀರೆಯ ತುಂಬ ಕೆಂಪು ಚೌಕಗಳು. ಮುಖ್ಯಸ್ಥರು ಬಂದು ನೋಡಿ, ಶೇಂಗಾ ಸಿಪ್ಪೆ ಉಜ್ಜುತ್ತಾ, "ಮೇಡಮ್ಮಾರ, ನಿಮ್ಮ ಯಂತ್ರಕ್ಕ ಕೆಟ್ಟಿದ್ದ ಛಲೋ ಕಾಣಾಕತ್ತೈತಿ ಬಿಡ್ರಿ" ಅಂದರು.

ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಒಂದು ವಿಷಯ ಹೊಳೆಯಿತು. ಈ ಯಂತ್ರ ತನಗೆ ತೋರಿಸಿದ್ದನ್ನೇ ಸರಿ ಎಂದು ನಂಬಿ, ಉಳಿದದ್ದಕ್ಕೆಲ್ಲ ಕೂಗುತ್ತದಲ್ಲವೇ? ಹಾಗಾದರೆ ಬರೀ ಒಳ್ಳೆಯ ಬಟ್ಟೆ ತೋರಿಸಿದರೆ? ಒಳ್ಳೆಯ ಬಟ್ಟೆಗೆ ಬನಹಟ್ಟಿಯಲ್ಲೇನು ಕೊರತೆ! ತಪ್ಪಿನ ಸೀರೆ ಕೊನೆಯ ದಿನ ಪರೀಕ್ಷಕರ ಎದುರಿಗೆ ಒಂದೇ ಒಂದು ಇದ್ದರೆ ಸಾಕು.

ಒಳ್ಳೆಯ ಸೀರೆಯ ಫೋಟೋ ಬೇಕಂತೆ ಎಂಬ ಸುದ್ದಿ ಹೋದದ್ದೇ ತಡ, ಮುಂದಿನ ಭಾನುವಾರ ದೊಡ್ಡವ್ವನ ಮನೆ ಮುಂದೆ ಮಂದಿ ಪಾಳಿ ಹಚ್ಚಿ ನಿಂತಿದ್ದರು. ಹೋದ ತಿಂಗಳು ನಮ್ಮಲ್ಲಿ ಅಂಥ ಬಟ್ಟೆಯೇ ಇಲ್ಲ ಎಂದವರು ಕಂಕುಳಲ್ಲಿ ನಾಲ್ಕು ನಾಲ್ಕು ಸೀರೆ ಇಟ್ಟುಕೊಂಡು ಬಂದಿದ್ದರು. ಕೆಲವರು ಹೂ ಮುಡಿದು ಬಂದಿದ್ದರು. ತಮ್ಮ ಫೋಟೋ ಅಲ್ಲ, ಸೀರೆಯದು ಎಂದು ಹೇಳಿದ ಮೇಲೂ ಸೀರೆಯ ಪಕ್ಕ ನಿಂತರು.

ಪಡಸಾಲೆಯಲ್ಲಿ ಸ್ಟ್ಯಾಂಡ್ ಹಾಕಿ ಫೋಟೋ ತೆಗೆಯುತ್ತಿದ್ದೆ. ದೊಡ್ಡವ್ವ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಒಂದೊಂದನ್ನೇ ತಪಾಸು ಮಾಡುತ್ತಿದ್ದಳು.

"ಮಬ್ಬ ಬಂದೈತಿ."

ಮತ್ತೆ ತೆಗೆದೆ.

"ಇದೂ ಮಬ್ಬ. ಹೊಗಿ ಕುಂತಾಂಗ ಐತಿ. ಇಷ್ಟ ಓದಿದಾಕಿ, ಒಂದ ಫೋಟೋ ನೆಟ್ಟಗ ತಗಿಯಾಕ ಬರೂದಿಲ್ಲೇನ ನಿನಗ?"

ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ದೊಡ್ಡವ್ವನ ಕಣ್ಣು! ಕೂದಲಿನಷ್ಟು ತೆಳ್ಳಗಿನ ಎಳೆಯನ್ನು ಜೀವಮಾನವಿಡೀ ತುಂಬಿದ ಕಣ್ಣು. ಅವಳು ಮಬ್ಬು ಎಂದ ಮೇಲೆ ಮಬ್ಬೇ. ಲೆನ್ಸ್ ಒರೆಸಿದೆ. ಲೆನ್ಸ್ ಬಿಚ್ಚಿ ಒರೆಸಿದೆ. ಸ್ಟ್ಯಾಂಡ್ ಅಲುಗಾಡುತ್ತಿದೆಯೇನೋ ಎಂದು ಮಗ್ಗಗಳನ್ನು ನಿಲ್ಲಿಸಿ ತೆಗೆದೆ. ಕೊನೆಗೆ ಕಾಲೇಜಿಗೆ ಹೋಗಿ ಹೊಸ ಲೆನ್ಸ್, ಹೊಸ ದೀಪ ಬೇಕೆಂದು ಅರ್ಜಿ ಬರೆದೆ.

"ಯಾರ ಹೇಳಿದ್ರಿ ಮಬ್ಬು ಅಂತ?" ಮುಖ್ಯಸ್ಥರು ಕೇಳಿದರು.

"ನಮ್ಮ ದೊಡ್ಡವ್ವ ರೀ."

"ಹಂಗಾದ್ರ ಮಬ್ಬ ಇರಬೇಕ್ರಿ. ಬನಹಟ್ಟಿ ಹೆಣ್ಮಕ್ಕಳ ಕಣ್ಣಂದ್ರ ಏನಂತ ತಿಳದೀರಿ?" ಎಂದು ಸಹಿ ಹಾಕಿದರು.

ಹೊಸ ಲೆನ್ಸ್ ಬಂತು. ಹೊಸ ದೀಪ ಬಂತು. ಆ ಬೆಳಕಿಗೆ ಪಡಸಾಲೆಯಲ್ಲಿ ನಮಗೆಲ್ಲ ಕಣ್ಣು ಬಿಡಲಾಗುತ್ತಿರಲಿಲ್ಲ. ದೊಡ್ಡವ್ವ ಮಾತ್ರ, "ಮದಲಿಗಿಂತ ವಾಸಿ, ಆದ್ರೂ ಮಬ್ಬ ಐತಿ" ಅಂದಳು. ಮೂರು ತಿಂಗಳು ಹೀಗೆ ಹೋಯಿತು. ಸೂಜಿಗೆ ದಾರ ಪೋಣಿಸಬೇಕಾದಾಗ ದಾರಿಯಲ್ಲಿ ಹೋಗುವ ಹುಡುಗಿಯರನ್ನು ಕರೆದು, "ಬಾ ಇಲ್ಲಿ, ನಿನ್ನ ಕಣ್ಣ ಎಷ್ಟ ಚುರುಕದಾವು ನೋಡೂನು" ಎಂದು ಪಂದ್ಯ ಕಟ್ಟುತ್ತಿದ್ದಳು. ಒಂದು ಸಂಜೆಯಂತೂ ಹಗ್ಗದ ಮೇಲೆ ಒಣಗಹಾಕಿದ್ದ ಸೀರೆಗೆ, "ಅಲ್ಲೇ ಯಾಕ ನಿಂತೀಬೇ, ಒಳಗ ಬಾ, ಚಾ ಕುಡದ ಹೋಗ" ಅಂದಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವಳೂ ನಕ್ಕಳು. ದೊಡ್ಡವ್ವ ಮೊದಲಿನಿಂದಲೂ ಚೇಷ್ಟೆಯವಳೇ.

ಇನ್ನು ಉಳಿದದ್ದು ತಪ್ಪಿನ ಸೀರೆ. ಪರೀಕ್ಷೆಗೆ ಹದಿನೈದು ದಿನವಿತ್ತು. ದೊಡ್ಡವ್ವ ಬೀರೇಶ್ವರನ ಗುಡಿಗೆ ಹೋದ ಹೊತ್ತು ನೋಡಿ ದೊಡ್ಡಪ್ಪ ನನ್ನನ್ನು ಸನ್ನೆ ಮಾಡಿ ಕರೆದ. ನಾಲ್ಕನೆಯ ಮಗ್ಗದ ಹಿಂದಿನಿಂದ ಒಂದು ಹಳೆಯ ತಗಡಿನ ಡಬ್ಬಿ ಎಳೆದ. ಅದರ ತಳದಲ್ಲಿ ಒಂದು ಕೆಂಪು ಸೀರೆ, ಅಂಚಿಗೆ ಕರಿ ದಡಿ.

"ಯಾರಿಗೂ ಹೇಳಬ್ಯಾಡ" ಎಂದು ಕಿವಿಯಲ್ಲಿ ಹೇಳಿದ. "ಮ್ಯಾಚ್ ನೋಡ್ಕೋತ ನೇಯ್ದೇನಿ."

ಬಿಡಿಸಿ ನೋಡಿದೆ. ಅಯ್ಯೋ ನನ್ನ ಬಂಗಾರದಂಥ ದೊಡ್ಡಪ್ಪನೇ! ಹನ್ನೊಂದು ತಪ್ಪು. ಮೊಬೈಲನ್ನು ಮಗ್ಗಕ್ಕೆ ಒರಗಿಸಿ ಕ್ರಿಕೆಟ್ ನೋಡುತ್ತಾ ನೇಯ್ದಿದ್ದನಂತೆ. ನಮ್ಮವರ ಒಂದೊಂದು ವಿಕೆಟ್ ಬಿದ್ದಾಗಲೂ ಒಂದೊಂದು ತಪ್ಪು. ಹತ್ತು ವಿಕೆಟ್, ಹನ್ನೊಂದನೆಯದು ಸೋತ ಮೇಲಿನ ಸಿಟ್ಟಿಗೆ. ಬೆರಳಿಟ್ಟು ತೋರಿಸಿದ: "ಇಲ್ಲಿ ಓಪನರ್ ಹೋದ. ಇಲ್ಲಿ ರನೌಟ್, ಸುಮ್ಮಸುಮ್ನ ಓಡಿದ ಮಬ್ಬ." ಹೆಂಡತಿಯ ಕಣ್ಣಿಗೆ ಬಿದ್ದರೆ ಬೈಗುಳ ಒಂದು, ತಿದ್ದಿಬಿಡುತ್ತಾಳೆ ಎಂಬುದು ಇನ್ನೊಂದು. ಯಾಕೋ ಆ ಮ್ಯಾಚಿನ ನೆನಪು ಅಳಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಸೀರೆಯನ್ನು ಡಬ್ಬಿಗೆ ತುರುಕಿದೆವು. ಪರೀಕ್ಷೆಯ ದಿನ ತಾನೇ ತರುವುದಾಗಿ ದೊಡ್ಡಪ್ಪ ಮಾತು ಕೊಟ್ಟ.

ಆ ದಿನ ಬಂತು. ಸೆಮಿನಾರ್ ಹಾಲಿನಲ್ಲಿ ನನ್ನ ಯಂತ್ರ. ಸೀರೆ ಒಂದು ಉರುಳೆಯಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುವಂತೆ ವಿದ್ಯಾರ್ಥಿಗಳು ಸೈಕಲ್ ಚೈನಿನಿಂದ ಮಾಡಿಕೊಟ್ಟಿದ್ದರು. ಮುಂದಿನ ಸಾಲಿನಲ್ಲಿ ಹೊರಗಿನ ಪರೀಕ್ಷಕರು, ಬಿಳಿ ಗಡ್ಡದ, ಮಾತು ಕಡಿಮೆಯ ಹಿರಿಯರು. ಪಕ್ಕದಲ್ಲಿ ನಮ್ಮ ಮುಖ್ಯಸ್ಥರು. ಗೌರವಕ್ಕೆ ಶೇಂಗಾ ಮುಟ್ಟಿರಲಿಲ್ಲ. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸೀರೆಯ ಚೀಲದೊಂದಿಗೆ ಬಂದ. ಹಿಂದೆಯೇ ದೊಡ್ಡವ್ವ.

"ನಮ್ಮ ಮನಿ ಸೀರಿ ಹೊರಗಿನ ಮಂದಿ ನೋಡ್ತಾರಂದ್ರ ನಾ ಬರಬಾರದೇನು?" ಎಂದು ನನ್ನ ಕೆನ್ನೆ ಹಿಂಡಿದಳು. "ನೀ ಏನೂ ಕಾಳಜಿ ಮಾಡಬ್ಯಾಡ ಯವ್ವಾ. ಎಲ್ಲಾ ಛಲೋ ಆಗತೈತಿ."

ನಾನು ಎದ್ದು ನಿಂತು, ಈ ಸೀರೆಯಲ್ಲಿ ಹನ್ನೊಂದು ತಪ್ಪುಗಳಿವೆ, ಯಂತ್ರ ಒಂದೊಂದನ್ನೇ ಹಿಡಿಯುವುದನ್ನು ನೋಡಿ ಎಂದು ಧೈರ್ಯವಾಗಿ ಹೇಳಿ ಗುಂಡಿ ಒತ್ತಿದೆ.

ಸೀರೆ ಸರಿಯತೊಡಗಿತು. ಒಂದು ಗಜ ಹೋಯಿತು. ಯಂತ್ರ ಸುಮ್ಮನಿತ್ತು. ಎರಡು ಗಜ. ಹಿಂದಿನಿಂದ ದೊಡ್ಡಪ್ಪನ ಪಿಸುಮಾತು ಇಡೀ ಹಾಲಿಗೆ ಕೇಳಿಸಿತು: "ಓಪನರ್ ಇಲ್ಲೇ ಔಟ್ ಆಗಿದ್ನಲ್ಲ?" ಮೂರು ಗಜ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರದೆ ನೋಡುತ್ತಿದ್ದೇನೆ, ಕೆಂಪು ಬಟ್ಟೆ ಗಂಗೆಯಂತೆ ಹರಿದುಹೋಗುತ್ತಿದೆ, ಒಂದು ಚೌಕವಿಲ್ಲ.

"ಮೇಡಂ, ಯಂತ್ರ ಚಾಲನೆಯಲ್ಲಿದೆಯಲ್ಲವೇ?" ಪರೀಕ್ಷಕರು ಮೆಲ್ಲಗೆ ಕೇಳಿದರು.

"ಆಗೂದೈತಿ ಬಿಡ್ರಿ" ಎಂದರು ನಮ್ಮ ಮುಖ್ಯಸ್ಥರು. ಆದರೆ ಅವರ ಕೈ ತಾನಾಗಿ ಶೇಂಗಾ ಜೇಬಿಗೆ ಹೋಗಿತ್ತು.

ಇನ್ನೇನು ಸೆರಗು ಮುಗಿಯಬೇಕು ಎನ್ನುವಾಗ ಕೀಂ ಎಂದಿತು. ಒಂದೇ ಒಂದು ಸಲ. ಕರಿ ದಡಿಯ ಮೇಲೆ ಒಂದು ಕೆಂಪು ಚೌಕ. ಸೀರೆ ಮುಗಿದು ಉರುಳೆ ನಿಂತಿತು. ಪರೀಕ್ಷಕರು ಕನ್ನಡಕ ಏರಿಸಿ, "ಹನ್ನೊಂದರಲ್ಲಿ ಒಂದು" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದುಕೊಂಡರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಆರು ವರ್ಷ!

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ದೊಡ್ಡವ್ವ ಎದ್ದು ನಿಂತಿದ್ದಳು. ಸೆರಗು ಹೆಗಲ ತುಂಬ ಹೊದ್ದುಕೊಂಡಿದ್ದಳು. ನನ್ನ ಮುಖ ನೋಡಿದಳು, ಪರೀಕ್ಷಕರ ಕಡೆ ತಿರುಗಿದಳು.

"ಸಾಹೇಬ್ರ, ಯಂತ್ರದ್ದೇನೂ ತಪ್ಪಿಲ್ರಿ. ಸೀರ್ಯಾಗ ತಪ್ಪ ಇದ್ದುವು. ಹನ್ನೊಂದ ಇದ್ದುವು. ನಮ್ಮ ಮಗ್ಗದ ಮ್ಯಾಲಿಂದ ಬಂದುವು." ಆ ಮಾತು ಹೇಳುವಾಗ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. "ಡಬ್ಬಿ ನನಗ ಸಿಕ್ಕಿತ್ರಿ. ಹುಡುಗಿ ಪರೀಕ್ಷಾಕ್ಕ ಇಂಥಾ ಸೀರಿ ಒಯ್ದರ ಮರ್ಯಾದಿ ಹೋಗತೈತಂತ ಎರಡ ದಿನ ಕುಂತ ತಿದ್ದೇನ್ರಿ. ಆಕೀನ್ನ ಫೇಲ್ ಮಾಡಬ್ಯಾಡ್ರಿ."

ಬನಹಟ್ಟಿಯ ನಾಲ್ಕು ಮಗ್ಗದ ಮನೆಯ ಹೆಂಗಸು, ಅಷ್ಟು ಮಂದಿಯ ಎದುರು, ತಮ್ಮ ಮನೆಯಲ್ಲಿ ತಪ್ಪು ಬಿದ್ದಿತ್ತು ಎಂದು ಒಪ್ಪಿಕೊಂಡಳು. ಹಾಗೆ ಒಪ್ಪಿಕೊಂಡವರನ್ನು ನಾನು ಹಿಂದೆ ಕಂಡಿರಲಿಲ್ಲ. ದೊಡ್ಡಪ್ಪ ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ. ನನಗೆ ಒಂದು ಕಡೆ ಅವಳ ಕುತ್ತಿಗೆ ಹಿಚುಕಬೇಕೆನ್ನಿಸಿತು, ಇನ್ನೊಂದು ಕಡೆ ಕಾಲು ಮುಟ್ಟಬೇಕೆನ್ನಿಸಿತು.

ಪರೀಕ್ಷಕರು ಎದ್ದು ಬಂದರು. ಭೂತಗನ್ನಡಿ ಹಿಡಿದು ಸೀರೆಯನ್ನು ಗೇಣು ಗೇಣು ನೋಡಿದರು. "ತಿದ್ದಿದ್ದು ಎಲ್ಲಿ ತಾಯಿ? ನನಗೇನೂ ಕಾಣುತ್ತಿಲ್ಲ."

"ಇದಕ್ಕ ಕಣ್ಣ ಯಾಕ ಬೇಕ್ರಿ" ಎಂದು ದೊಡ್ಡವ್ವ ಎಲ್ಲೋ ನೋಡುತ್ತಾ ಬಟ್ಟೆಯ ಮೇಲೆ ಬೆರಳಾಡಿಸಿದಳು. "ಇಲ್ಲೊಂದು. ಇಲ್ಲೊಂದು." ಅವಳು ಬೆರಳಿಟ್ಟ ಕಡೆ ಭೂತಗನ್ನಡಿ ಇಟ್ಟು, ಉಸಿರು ಹಿಡಿದು ನೋಡಿದರೆ ಮಾತ್ರ ಸೂಜಿ ಹೋದ ಗುರುತು. ಹತ್ತು ಕಡೆ ತೋರಿಸಿದಳು. ಪರೀಕ್ಷಕರು ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಿದರು. ತಪ್ಪೇ ಇಲ್ಲದ ಕಡೆ ಯಂತ್ರ ಸುಮ್ಮನಿದ್ದರೆ ಅದು ಯಂತ್ರದ ಗುಣ ಎಂದು ನಮ್ಮ ಮುಖ್ಯಸ್ಥರ ಕಡೆ ತಿರುಗಿ ಹೇಳಿದರು. ನನಗೆ ಹೋದ ಜೀವ ಬಂತು.

"ಆದರೆ ಆ ಹನ್ನೊಂದನೆಯದಕ್ಕೆ ಏಕೆ ಕೂಗಿತು?" ಎಂದರು.

"ಅದನ್ನೂ ತಿದ್ದೇನ್ರಿ!" ದೊಡ್ಡವ್ವನಿಗೆ ರೇಗಿತು. "ಅದೊಂದು ಸುಳ್ಳ ಹೇಳಾಕತ್ತೈತಿ ನಿಮ್ಮ ಯಂತ್ರ."

ಚೌಕವನ್ನು ಗೋಡೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಎಳೆ ಸರಿಯಾಗಿಯೇ ಕೂತಿತ್ತು, ನೇಯ್ಗೆಯ ಕ್ರಮ ಒಂದಿಷ್ಟೂ ತಪ್ಪಿರಲಿಲ್ಲ. ಆದರೆ ಕರಿ ದಡಿಯೊಳಗೆ ಅವಳು ತುಂಬಿದ್ದು ನೀಲಿ ದಾರ.

"ದೊಡ್ಡವ್ವ, ಅದು ನೀಲಿ ಐತಲ್ಲ ಬೇ."

"ಎಲ್ಲಿ ನೀಲಿ? ಕರೇದು. ನಾನ ಆರಿಸಿ ತಗದೇನಿ."

"ಗ್ವಾಡಿ ಮ್ಯಾಲ ನೋಡು, ಇಷ್ಟ ದೊಡ್ಡದ ಮಾಡೇನಿ."

ಅವಳು ಕತ್ತು ಚಾಚಿ ಗೋಡೆಯ ಕಡೆ ನೋಡಿದಳು. ಕಣ್ಣು ಕಿರಿದು ಮಾಡಿದಳು. ಆಮೇಲೆ ಎಂದಿನ ಹಾಗೆ, ಬೇಸರದಿಂದ, "ಅಲ್ಲೇನ ಕಾಣತೈತಿ? ಎಲ್ಲಾ ಮಬ್ಬ ಐತಿ" ಅಂದಳು.

ಲೆನ್ಸ್, ದೀಪ, ಹಗ್ಗದ ಮೇಲಿನ ಸೀರೆ, ಸೂಜಿಗೆ ದಾರ ಪೋಣಿಸುವ ಹುಡುಗಿಯರು, ಎಲ್ಲವೂ ಒಂದೇ ಸಲಕ್ಕೆ ನೆನಪಾದವು. ಚಿತ್ರದಲ್ಲಿ ಮಬ್ಬು ಎಲ್ಲಿದೆ ಎಂದು ಕಂಡುಹಿಡಿಯುವುದನ್ನು ಸಂಬಳ ತೆಗೆದುಕೊಂಡು ಪಾಠ ಮಾಡುತ್ತೇನೆ. ಮೂರು ತಿಂಗಳು ಅವಳ ಪಕ್ಕದಲ್ಲಿ ಕೂತು ಗಾಜು ಒರೆಸಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಓಡಿಹೋಗಿ ಅವಳನ್ನು ತಬ್ಬಿಕೊಂಡು ಅಳತೊಡಗಿದೆ. ಪಾಸಾದ ಖುಷಿಗೆ ಅಳುತ್ತಿದ್ದೇನೆಂದು ತಿಳಿದು ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು.

ಮುಧೋಳದ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಹಳ ದಿನವಾಗಿದೆ ಅಂದರು. ಒಂದಾದ ಮೇಲೊಂದು ಆಪರೇಷನ್ ಆಯಿತು. ಓಣಿಯವರಿಗೆ ಹೇಳಿದ್ದು ಮಾತ್ರ, ಕಣ್ಣಿನಲ್ಲಿ ಕಸ ಬಿದ್ದಿತ್ತು ಎಂದು. ಕರಿ ಕನ್ನಡಕ ತೆಗೆದ ವಾರ ನಾನು ಹೋದಾಗ ದೊಡ್ಡವ್ವ ಲ್ಯಾಪ್‌ಟಾಪ್ ಕೇಳಿದಳು. ಹಳೆಯ ಫೋಟೋಗಳನ್ನೇ ತೆಗೆದು ತೋರಿಸಿದೆ. ಮೊಟ್ಟಮೊದಲ ಭಾನುವಾರ ತೆಗೆದವು, ಹಳೆಯ ಲೆನ್ಸಿನವು.

"ಈಗ ನೋಡು, ಅಗದಿ ಛಲೋ ಬಂದಾವು" ಅಂದಳು. "ಹೊಸಾ ಕ್ಯಾಮೆರಾ ಏನು?"

"ಹೂಂ ಬೇ, ಹೊಸಾದು."

ಕೆಂಪು ಸೀರೆ ತರಿಸಿದಳು. ದಡಿಯನ್ನು ಕಣ್ಣ ಹತ್ತಿರ ಹಿಡಿದು, ಆ ನೀಲಿ ಎಳೆ ನೋಡಿ, "ಥೂ!" ಎಂದಳು. ಅದರ ಚಿತ್ರ ನನ್ನ ಪ್ರಬಂಧದಲ್ಲಿದೆ, ಹಾಗೇ ಇರಲಿ ಬಿಡು ಎಂದು ಬೇಡಿಕೊಂಡೆ. ಕೇಳಲಿಲ್ಲ. ನೀಲಿ ಎಳೆ ಕಿತ್ತು ಹಾಕಿದಳು. ಯಾವ ಹುಡುಗಿಯನ್ನೂ ಕರೆಯದೆ ಒಂದೇ ಸಲಕ್ಕೆ ಸೂಜಿಗೆ ಕರಿ ದಾರ ಪೋಣಿಸಿದಳು. ದೊಡ್ಡಪ್ಪ ತನ್ನ ಮ್ಯಾಚಿನ ಕೊನೆಯ ಗುರುತು ಅಳಿಸಿಹೋಗುವುದನ್ನು ನೋಡಲಾರದೆ ಮಗ್ಗದ ಕಡೆ ಹೋದ.

ಎಳೆ ತುಂಬುತ್ತಾ, ತಲೆ ಎತ್ತದೆ ಕೇಳಿದಳು: "ಅಲ್ಲಾ ಯವ್ವಾ, ಇಷ್ಟ ದಿನ ನನ್ನ ಎದುರಿಗೇ ಕುಂತ ಫೋಟೋ ತಗದೀ. ನನ್ನ ಕಣ್ಣಾಗಿನ ಪೊರಿ ನಿನಗ ಕಾಣಲೇ ಇಲ್ಲಲ್ಲ. ನೀನೂ ಒಮ್ಮಿ ಕಣ್ಣ ತೋರಿಸ್ಕೋ."

ಮರುದಿನ ಹೋಗಿ ತೋರಿಸಿಕೊಂಡು ಬಂದೆ. ನನ್ನ ಕಣ್ಣಿನಲ್ಲಿ ಏನೂ ದೋಷವಿಲ್ಲವಂತೆ.